ಫ್ರೀಲ್ಯಾನ್ಸ್ ಬರವಣಿಗೆ: ವರ್ಷದ ಟಾರ್ಗೆಟ್‌ನ ಈ ವಾರದ ಮೇಲ್‌ಗಳ ಲೆಕ್ಕಕ್ಕೆ ಇಳಿಸೋದು ಹೇಗೆ

ಫ್ರೀಲ್ಯಾನ್ಸ್ ಆಗಿ ಬರೆಯೋರನ್ನ ಜನವರಿಲಿ ಹಿಡಿದು ಈ ವರ್ಷ ಏನ್ ಪ್ಲ್ಯಾನು ಅಂತ ಕೇಳಿದ್ರೆ ಉತ್ತರ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಹೋದ ವರ್ಷಕ್ಕಿಂತ ಡಬಲ್ ದುಡೀಬೇಕು, ಚಿಲ್ಲರೆ ಕ್ಲೈಂಟ್‌ಗಳನ್ನ ಬಿಟ್ಟು ಒಳ್ಳೆ ಕ್ಲೈಂಟ್ ಹಿಡೀಬೇಕು, ದೊಡ್ಡ ಪತ್ರಿಕೆಲಿ ಒಂದಾದ್ರೂ ಬೈಲೈನ್, ಅಂದ್ರೆ ನಮ್ಮ ಹೆಸರು ಹಾಕಿದ ಲೇಖನ, ಬರ್ಬೇಕು. ಆಸೆಗಳೇನೋ ಚೆನ್ನಾಗೇ ಇವೆ. ಆದ್ರೆ ಇದ್ರಲ್ಲಿ ಒಂದೂ ಬರೆಯೋರ ಕೈಲಿಲ್ಲ, ಎಡಿಟರ್ ಹತ್ರ ಆ ತಿಂಗಳು ಬಜೆಟ್ಟೇ ಇಲ್ದೆ ಇರಬಹುದು, ಕಂಪನಿ ಮಾರ್ಕೆಟಿಂಗ್ ಹೆಡ್ ಕೆಲಸ ಬಿಟ್ಟು ಹೊಸಬರು ಬಂದು ತಮ್ಮ ಪರಿಚಯದವರನ್ನೇ ಕರ್ಕೋಬಹುದು. ಕೆಲಸ ಸಿಕ್ಕಿ ದುಡ್ಡು ಕೈಗೆ ಬರೋವರೆಗೂ ಅದು ಕನ್ನಡಿಯೊಳಗಿನ ಗಂಟೇ. ಕೈಲಿರೋದು ಒಂದೇ, ಈ ವಾರ ಎಷ್ಟು ಜನಕ್ಕೆ, ಯಾರಿಗೆ, ಏನಂತ ಬರೆದು ಕೆಲಸ ಕೇಳಿದೆ ಅನ್ನೋದು. ಕೆಲಸ ಹುಡುಕೋದು ಒಂದು ಪಾಠ, ವರ್ಷದ ಗುರಿ ಇಟ್ಕೊಳ್ಳೋದು ಇನ್ನೊಂದು ಪಾಠ ಅಂತ ಎಲ್ರೂ ಬೇರೆಬೇರೆ ಹೇಳ್ತಾರೆ, ನನ್ನ ಪ್ರಕಾರ ಎರಡೂ ಒಂದೇ ಲೆಕ್ಕ, ಒಂದು ತುದಿಲಿ ವರ್ಷದ ಮೊತ್ತ ಇದೆ, ಇನ್ನೊಂದು ತುದಿಲಿ ಮಂಗಳವಾರ ಬೆಳಿಗ್ಗೆ ಕಳಿಸೋ ಮೇಲ್ ಇದೆ, ಮಧ್ಯ ಇರೋದು ಒಂದಿಷ್ಟು ಭಾಗಾಕಾರ.

ಮೊದ್ಲು ಗಂಟೆಗಳಿಂದ ಶುರು ಮಾಡೋಣ. ವರ್ಷಕ್ಕೆ 52 ವಾರ. ರಜೆ, ಹಬ್ಬ, ಜ್ವರ ನೆಗಡಿ, ಮನೆ ಕಾರ್ಯಕ್ರಮ ಎಲ್ಲ ಕಳೆದ್ರೆ 46 ವಾರ ಸಿಕ್ಕಿದ್ರೆ ಪುಣ್ಯ. ವಾರಕ್ಕೆ 40 ಗಂಟೆ ಕೂತ್ಕೋತೀರಿ ಅಂತ ಇಟ್ಕೊಂಡ್ರೂ ಅಷ್ಟಕ್ಕೂ ದುಡ್ಡು ಬರಲ್ಲ, ಕೆಲಸ ಹುಡುಕೋದು, ಮೇಲ್‌ಗೆ ಉತ್ತರ, ಇನ್‌ವಾಯ್ಸ್ ಹಾಕೋದು, ಹಾಕಿದ ಇನ್‌ವಾಯ್ಸ್ ಹಿಂದೆ ಬಿದ್ದು ದುಡ್ಡು ವಸೂಲಿ ಮಾಡೋದು, ಓದೋದು, ಲ್ಯಾಪ್‌ಟಾಪ್ ಕೈಕೊಟ್ರೆ ಅದನ್ನ ಹೊತ್ಕೊಂಡು ಓಡಾಡೋದು, ಇವೆಲ್ಲ ಬಿಟ್ಟಿ. ಬಿಲ್ ಮಾಡೋಕೆ ಆಗೋ ಗಂಟೆ ವಾರಕ್ಕೆ 22ರ ಆಸುಪಾಸು ಅಂತಿಟ್ಕೊಳ್ಳಿ, 46 ವಾರಕ್ಕೆ ಗುಣಿಸಿದ್ರೆ 1012, ಅಂದ್ರೆ ಸುಮಾರು 1000 ಗಂಟೆ. ಇದು ನೆನಪಲ್ಲಿ ಇಟ್ಕೊಳ್ಳಬೇಕಾದ ಸಂಖ್ಯೆ, ಯಾಕಂದ್ರೆ ಸಂಬಳಕ್ಕೆ ದುಡಿಯೋರಿಗೆ ವಾರಕ್ಕೆ 40ರಂತೆ ವರ್ಷಕ್ಕೆ 2080 ಗಂಟೆಗೆ ದುಡ್ಡು ಬರತ್ತೆ, ರಜೆ ದಿನಾನೂ ಸೇರಿ, ಮೀಟಿಂಗಲ್ಲಿ ಆಕಳಿಸ್ತಾ ಕೂತಿದ್ದೂ ಸೇರಿ. ಹಾಗಾಗಿ ಹಳೇ ಸಂಬಳನ ಗಂಟೆ ಲೆಕ್ಕಕ್ಕೆ ಇಳಿಸಿ ಅದೇ ರೇಟ್‌ಗೆ ಫ್ರೀಲ್ಯಾನ್ಸ್ ಶುರು ಮಾಡಿದ್ರೆ ಆದಾಯ ಅಲ್ಲೇ ಅರ್ಧಕ್ಕೆ ಬಿತ್ತು. ಬರೀ ಮೊದಲಿನ ಮಟ್ಟದಲ್ಲಿ ನಿಲ್ಲೋಕೇ ಡಬಲ್ ರೇಟ್ ಬೇಕು, ಅದೂ ಇನ್ಶೂರೆನ್ಸು, ಪಿಂಚಣಿಗೆ ಕೂಡಿಡೋದು, ಸಾಫ್ಟ್‌ವೇರು ಇತ್ಯಾದಿ ಕಂಪನಿ ಕಟ್ತಿದ್ದ ಖರ್ಚು ಸೇರಿಸೋಕೆ ಮುಂಚೆ. ವರ್ಷಕ್ಕೆ ಮನೆಗೆ ಬೇಕಾಗಿರೋದು, ತೆರಿಗೆ, ಈ ಖರ್ಚುಗಳು, ಒಂದಿಷ್ಟು ಉಳಿತಾಯ, ಎಲ್ಲ ಕೂಡಿ 1000ದಿಂದ ಭಾಗಿಸಿ. ಬಂದ ಉತ್ತರ ನಿಮ್ಮ ಗಂಟೆಯ ಕನಿಷ್ಠ ಬೆಲೆ. ಇದನ್ನ ಯಾವ ಕ್ಲೈಂಟ್‌ಗೂ ಹೇಳ್ಬೇಕಾಗಿಲ್ಲ, ನಿಮಗೆ ಗೊತ್ತಿದ್ರೆ ಸಾಕು.

ಯಾಕೆ ಹೇಳ್ಬಾರ್ದು ಅಂದ್ರೆ ಈ ಫೀಲ್ಡಲ್ಲಿ ದುಡ್ಡಿನ ಮಾತು ನಡೆಯೋದು ಪದಕ್ಕಿಷ್ಟು, ಲೇಖನಕ್ಕಿಷ್ಟು ಅಂತ. ಅಲ್ಲೇ ಜನ ಎಡವೋದು. ಒಬ್ಬ ಕ್ಲೈಂಟ್ ಪದಕ್ಕೆ 2 ಕೊಡ್ತಾರೆ, 800 ಪದ, ವಿಷಯ ನಿಮಗೆ ಗೊತ್ತಿರೋದೇ, 4 ಗಂಟೇಲಿ ಮುಗೀತು, 1600 ಬಂತು, ಗಂಟೆಗೆ 400. ಇನ್ನೊಬ್ರು ಪದಕ್ಕೆ 5 ಕೊಡ್ತಾರೆ, 1200 ಪದ, 6000 ಅಂದ ತಕ್ಷಣ ಖುಷಿಯಾಗತ್ತೆ, ಆದ್ರೆ ಅದಕ್ಕೆ ಮೂರು ಇಂಟರ್‌ವ್ಯೂ ಮಾಡ್ಬೇಕು, ಅವರನ್ನ ಫೋನಲ್ಲಿ ಹಿಡಿಯೋದೇ ಒಂದು ಕೆಲಸ, ಆಮೇಲೆ ಎರಡು ಸಲ ತಿದ್ದಿ ಕೊಡಿ ಅಂತಾರೆ, ಎಲ್ಲ ಸೇರಿ 20 ಗಂಟೆ, ಗಂಟೆಗೆ 300. ಕರೆನ್ಸಿ ಯಾವುದಾದ್ರೂ ಇರ್ಲಿ, ಲೆಕ್ಕ ಬದಲಾಗಲ್ಲ. ಕಮ್ಮಿ ಕೊಡೋರು ಅಂತ ಬೈಸಿಕೊಳ್ಳೋ ಕ್ಲೈಂಟೇ ಎಷ್ಟೋ ಸಲ ಮನೆ ನಡೆಸ್ತಿರ್ತಾರೆ. ಎರಡನೇದನ್ನ ಬಿಟ್ಬಿಡಿ ಅಂತಲ್ಲ, ಹೆಸರಿಗೆ ಬೇಕಾಗಿದ್ರೆ ಮಾಡಿ, ಆದ್ರೆ ಅದು ಹೆಸರಿಗೆ ಮಾಡ್ತಿರೋದು ಅಂತ ಗೊತ್ತಿದ್ದು ಮಾಡಿ.

ಈ ಲೆಕ್ಕ ನಿಲ್ಲೋದು ಒಂದು ಕೆಲಸಕ್ಕೆ ನಿಜವಾಗ್ಲೂ ಎಷ್ಟು ಗಂಟೆ ಹಿಡಿಯತ್ತೆ ಅನ್ನೋದರ ಮೇಲೆ, ಅದನ್ನ ಅಂದಾಜು ಮಾಡೋದ್ರಲ್ಲಿ ಮನುಷ್ಯರು ಹುಟ್ಟಾ ದಡ್ಡರು. ಕಾನೆಮನ್ ಮತ್ತೆ ಟ್ವರ್‌ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಪ್ಲ್ಯಾನಿಂಗ್ ಫ್ಯಾಲಸಿ ಅಂತ ಹೆಸರಿಟ್ರು. 1994ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನ ನಿಮ್ಮ ಥೀಸಿಸ್ ಬರೆದು ಮುಗಿಸೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ರು, ಅವರು ಹೇಳಿದ್ದು ಸರಾಸರಿ ಸುಮಾರು 34 ದಿನ, ತಗೊಂಡಿದ್ದು 55 ದಿನಕ್ಕೂ ಜಾಸ್ತಿ. ಬರವಣಿಗೆ ಕೆಲಸದ ಮೇಲೇ ಮಾಡಿದ ಪ್ರಯೋಗ ಇದು, ಹಾಗಾಗಿ ನಮಗೆ ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ. ಔಷಧಿ ಏನಂದ್ರೆ ಪ್ರತಿ ಕೆಲಸಕ್ಕೂ ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಬರೆದಿಡೋದು, ಮೊದಲನೇ ಮೇಲ್‌ನಿಂದ ಹಿಡಿದು ಕೊನೇ ತಿದ್ದುಪಡಿವರೆಗೂ. ಬೋರ್ ಹೊಡೆಯತ್ತೆ, ಹೌದು. ಮೂರು ತಿಂಗಳು ಬರೆದ್ರೆ ಸಾಕು, ಆಮೇಲೆ ಯಾರಾದ್ರೂ ಇದಕ್ಕೆಷ್ಟು ತಗೋತೀರಿ ಅಂದಾಗ ಬಾಯಿಗೆ ಬಂದಿದ್ದು ಹೇಳೋದು ತಪ್ಪತ್ತೆ.

ಈಗ ಗಂಟೆಯಿಂದ ಕೆಲಸದ ಸಂಖ್ಯೆಗೆ. ಒಂದು ಕೆಲಸಕ್ಕೆ ಸರಾಸರಿ 10 ಗಂಟೆ ಅಂದ್ರೆ 1000 ಗಂಟೆಗೆ ವರ್ಷಕ್ಕೆ 100 ಕೆಲಸ. ನೂರು ಅಂದ ತಕ್ಷಣ ಎದೆ ಧಸಕ್ ಅನ್ನತ್ತೆ, ನೂರು ಸಲ ಹೊಸದಾಗಿ ಕೆಲಸ ಹುಡುಕ್ಬೇಕಾ ಅಂತ. ಹಾಗಲ್ಲ, ವರ್ಷಕ್ಕೆ ತಲಾ 20 ಕೆಲಸ ಕೊಡೋ ನಾಲ್ಕು ಕಾಯಂ ಕ್ಲೈಂಟ್‌ಗಳು ಇದ್ರೆ 80 ಅಲ್ಲೇ ಮುಗೀತು, ಉಳಿದ 20 ಅಲ್ಲಿ ಇಲ್ಲಿಂದ ಬರತ್ತೆ. ನಾಲ್ಕು ಕಾಯಂ ಕ್ಲೈಂಟ್ ಬೇಕಂದ್ರೆ ಎಂಟು ಜನರ ಜೊತೆಗಾದ್ರೂ ಒಂದು ಸಲ ಕೆಲಸ ಮಾಡಿ ನೋಡ್ಬೇಕು, ಅರ್ಧ ಜನ ಒಂದೇ ಸಲಕ್ಕೆ ಮುಗಿಸ್ತಾರೆ. ಎಂಟು ಜನ ಸಿಗ್ಬೇಕಂದ್ರೆ? 20 ಪತ್ರಕ್ಕೆ ಒಂದು ಕೆಲಸ ಹುಟ್ಟತ್ತೆ ಅಂತಿಟ್ಕೊಂಡ್ರೆ (ಈ 20 ಲೆಕ್ಕಕ್ಕೆ ಅಂತ ಇಟ್ಟಿದ್ದು, ನಿಮ್ಮದು 10 ಇರಬಹುದು, 40 ಇರಬಹುದು) 160 ಪತ್ರ. 46 ವಾರಕ್ಕೆ ಹಂಚಿದ್ರೆ ವಾರಕ್ಕೆ ಮೂರೂವರೆ, ನಾಲ್ಕು ಅನ್ನಿ. ನೋಡಿ, ಡಬಲ್ ದುಡೀಬೇಕು ಅಂತ ಶುರುವಾಗಿದ್ದು ವಾರಕ್ಕೆ ನಾಲ್ಕು ಮೇಲ್‌ಗೆ ಬಂದು ನಿಂತ್ಕೊಳ್ತು. ಇದು ಮಾಡಬಹುದಾದ ಕೆಲಸ, ಮಾಡಿಲ್ಲ ಅಂದ್ರೆ ಶನಿವಾರಕ್ಕೆ ಗೊತ್ತಾಗೋ ಕೆಲಸ, ಡಿಸೆಂಬರ್‌ವರೆಗೂ ಕಾಯ್ಬೇಕಾಗಿಲ್ಲ.

ಗುರಿ ಅಂದ್ರೆ ಸ್ಮಾರ್ಟ್ (SMART, ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಗುರಿಯ ಒಂದೊಂದು ಗುಣ) ಆಗಿರ್ಬೇಕು ಅನ್ನೋ ಐದಕ್ಷರದ ಮಂತ್ರ ಎಲ್ರೂ ಕೇಳಿರ್ತೀರಿ. 1981ರಲ್ಲಿ ಜಾರ್ಜ್ ಡೊರಾನ್ ಅನ್ನೋರು ಒಂದು ಮ್ಯಾನೇಜ್‌ಮೆಂಟ್ ಪತ್ರಿಕೆಲಿ ಬರೆದಿದ್ದು ಅದು, ಕಂಪನಿ ಮ್ಯಾನೇಜರ್‌ಗಳಿಗೆ ಅಂತ. ಮೂಲದಲ್ಲಿ ಎ ಅಂದ್ರೆ ಅಸೈನಬಲ್, ಈ ಕೆಲಸ ಯಾರು ಮಾಡ್ತಾರೆ ಅಂತ ಹೆಸರು ಹಾಕ್ಬೇಕು. ಆಮೇಲೆ ಬಂದವರು ಅದನ್ನ ಅಚೀವಬಲ್ ಅಂತ ಮಾಡ್ಕೊಂಡ್ರು. ಫ್ರೀಲ್ಯಾನ್ಸರ್‌ಗೆ ಆ ಖಾನೇಲಿ ಬರೆಯೋಕೆ ಒಂದೇ ಹೆಸರು ಇರೋದು, ಸೇಲ್ಸು ನೀವೇ, ಅಕೌಂಟ್ಸು ನೀವೇ, ಬರೆಯೋದೂ ನೀವೇ, ಹಾಗಾಗಿ ಕಂಪನಿಗಳಿಗೆ ಮಾಡಿದ ಗುರಿ ಪಟ್ಟಿ ನಕಲು ಹೊಡೆದು ಹನ್ನೆರಡು ಗುರಿ ಇಟ್ಕೊಂಡ್ರೆ ಎಲ್ಲಾನೂ ಒಬ್ರ ಮೇಲೇ ಬೀಳತ್ತೆ. ಎರಡೋ ಮೂರೋ ಸಾಕು. ಗುರಿ ಸ್ಪಷ್ಟವಾಗಿ, ಸ್ವಲ್ಪ ಕಷ್ಟವಾಗಿ ಇದ್ರೆ ಕೆಲಸ ಚೆನ್ನಾಗಾಗತ್ತೆ, ಕೈಲಾದಷ್ಟು ಮಾಡ್ತೀನಿ ಅಂದ್ರೆ ಆಗಲ್ಲ ಅಂತ ಎಡ್ವಿನ್ ಲಾಕ್ ಅನ್ನೋ ಮನಶ್ಶಾಸ್ತ್ರಜ್ಞರು 1968ರಿಂದ ಹೇಳ್ಕೊಂಡು ಬಂದಿದ್ದಾರೆ. ಅದರ ಜೊತೆಗೆ ಪೀಟರ್ ಗೋಲ್‌ವಿಟ್ಸರ್ ಅನ್ನೋ ಇನ್ನೊಬ್ರ ಮಾತನ್ನೂ ಸೇರಿಸ್ಕೊಳ್ಳಿ, ಗುರಿ ಇಟ್ರೆ ಸಾಲದು, ಯಾವಾಗ ಎಲ್ಲಿ ಅಂತ ಮೊದಲೇ ಕಟ್ಟಿಹಾಕ್ಬೇಕು ಅಂತಾರೆ ಅವರು. ವಾರಕ್ಕೆ ನಾಲ್ಕು ಪತ್ರ ಅನ್ನೋದರ ಬದಲು ಮಂಗಳವಾರ, ಗುರುವಾರ ಬೆಳಿಗ್ಗೆ ಇನ್‌ಬಾಕ್ಸ್ ತೆಗೆಯೋ ಮುಂಚೆ ಎರಡೆರಡು ಪತ್ರ ಅಂತ. ಇನ್‌ಬಾಕ್ಸ್ ಒಂದ್ಸಲ ತೆಗೆದ್ರೆ ಆ ದಿನ ಬೇರೆಯವರ ಪಾಲಾಯ್ತು ಅಂತ ಲೆಕ್ಕ.

ಸರಿ, ಪತ್ರ ಯಾರಿಗೆ ಬರೀಬೇಕು? ಹೆಚ್ಚಿನವರು ಜಾಬ್ ಬೋರ್ಡ್, ಫ್ರೀಲ್ಯಾನ್ಸ್ ಕೆಲಸ ಸಿಗೋ ಫೈವರ್, ಅಪ್‌ವರ್ಕ್ ಥರದ ಸೈಟ್‌ಗಳು, ಇಷ್ಟರಲ್ಲೇ ಸುತ್ತುತಾ ಇರ್ತಾರೆ. 2010ರಲ್ಲಿ ಶುರುವಾದ ಫೈವರ್ ಬರೆಯೋರ ದುಡಿಮೆಯಲ್ಲಿ 20 ಪರ್ಸೆಂಟ್ ಹಿಡ್ಕೊಳ್ಳತ್ತೆ. ಇಲಾನ್ಸ್, ಓಡೆಸ್ಕ್ ಎರಡೂ ಸೇರಿ 2015ರಲ್ಲಿ ಅಪ್‌ವರ್ಕ್ ಅಂತ ಹೆಸರು ಬದಲಿಸ್ಕೊಂಡಿದ್ದು, ಅಲ್ಲಿ ಕೆಲಸಕ್ಕೆ ಅರ್ಜಿ ಹಾಕೋಕೇ ಕನೆಕ್ಟ್ಸ್ ಅನ್ನೋ ಟೋಕನ್ ಖರ್ಚಾಗತ್ತೆ. ಇವು ಕೆಟ್ಟವು ಅಂತ ನಾನು ಹೇಳಲ್ಲ, ಶುರುವಿಗೆ ಸ್ಯಾಂಪಲ್ ಮಾಡ್ಕೊಳ್ಳೋಕೆ ಪರವಾಗಿಲ್ಲ. ಆದ್ರೆ ಎಲ್ರಿಗೂ ಕಾಣೋ ಕೆಲಸಕ್ಕೆ ಎಲ್ರೂ ಮುಗಿಬೀಳ್ತಾರೆ, ಅಲ್ಲಿ ರೇಟ್ ಇಳಿಯೋದು ಬಿಟ್ಟು ಇನ್ನೇನೂ ಆಗಲ್ಲ. ಅದರ ಮೇಲೆ 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸರ್ಚ್‌ನಲ್ಲಿ ಮೇಲೆ ಬರಲಿ ಅಂತ ಪುಟ ತುಂಬಿಸೋ ಲೇಖನಗಳಿಗೆ ಮನುಷ್ಯರನ್ನ ಇಟ್ಕೊಳ್ಳೋ ಅಗತ್ಯ ಸುಮಾರು ಕಂಪನಿಗಳಿಗೆ ಕಾಣ್ತಿಲ್ಲ. ಉಳಿದಿರೋದು ಮಷಿನ್‌ಗೆ ಗೊತ್ತಾಗದೇ ಇರೋದು, ಒಬ್ಬರ ಹತ್ರ ಕೂತು ಮಾತಾಡಿಸಿ ತರೋ ಮಾಹಿತಿ, ಒಂದು ಫೀಲ್ಡಲ್ಲಿ ಕೆಲಸ ಮಾಡಿ ಬಂದ ತಿಳುವಳಿಕೆ.

ಅದಕ್ಕೇ ಹುಡುಕ್ಬೇಕಾಗಿರೋದು ಜಾಹೀರಾತು ಹಾಕ್ದೇ ಇರೋ ಕೆಲಸ. ಪ್ರತಿಯೊಂದು ಇಂಡಸ್ಟ್ರಿಗೂ ತನ್ನದೇ ಪತ್ರಿಕೆ ಇರತ್ತೆ, ಪ್ಯಾಕೇಜಿಂಗ್‌ಗೆ ಒಂದು, ಕೋಳಿ ಸಾಕಣೆಗೆ ಒಂದು, ಲಿಫ್ಟ್ ರಿಪೇರಿ ಮಾಡೋರಿಗೂ ಒಂದು, ಗೂಡಂಗಡಿಲಿ ಸಿಗಲ್ಲ ಅಷ್ಟೇ. ಟ್ರಾವೆಲ್ ಪತ್ರಿಕೆ ಎಡಿಟರ್‌ಗೆ ಬರೋ ಪತ್ರಗಳ ಪ್ರವಾಹದ ಮುಂದೆ ಈ ಪತ್ರಿಕೆಗಳ ಎಡಿಟರ್‌ಗಳಿಗೆ ಬರೋದು ಏನೇನೂ ಅಲ್ಲ, ವಿಷಯ ಗೊತ್ತಿದ್ದು ಟೈಮಿಗೆ ಕೊಡೋರು ಸಿಕ್ರೆ ಬಿಡಲ್ಲ. ಕಂಪನಿಗಳೂ ಅಷ್ಟೇ. ಕಂಪನಿ ದುಡ್ಡು ಕೊಟ್ಟು ಓದೋ ಸಾಮಗ್ರಿ ಬರೆಸೋದು ಇಂಟರ್ನೆಟ್ ಬಂದ್ಮೇಲೆ ಶುರುವಾಗಿದ್ದಲ್ಲ, ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್ ರೈತರಿಗೆ ಅಂತ ದಿ ಫರೋ ಅನ್ನೋ ಪತ್ರಿಕೆ ಶುರು ಮಾಡಿದ್ದು 1895ರಲ್ಲಿ, ಟೈರ್ ಮಾಡೋ ಮಿಶೆಲಿನ್ ಕಾರಲ್ಲಿ ಓಡಾಡೋರಿಗೆ ಗೈಡ್ ತಂದಿದ್ದು 1900ರಲ್ಲಿ. ಈಗ ಅದೇ ಕೆಲಸ ನ್ಯೂಸ್‌ಲೆಟರ್, ಕೇಸ್ ಸ್ಟಡಿ, ವೈಟ್‌ಪೇಪರ್, ಹೆಲ್ಪ್ ಪೇಜ್ ಅಂತ ಹತ್ತು ರೂಪದಲ್ಲಿದೆ. ಕಾಲೇಜುಗಳ ಹಳೇ ವಿದ್ಯಾರ್ಥಿಗಳ ಪತ್ರಿಕೆ, ಸಂಘ ಸಂಸ್ಥೆಗಳ ವಾರ್ಷಿಕ ವರದಿ, ಇವನ್ನೂ ಯಾರೋ ಬರೀಲೇಬೇಕು. ಏಜೆನ್ಸಿಗಳು ಅಂತ ಇನ್ನೊಂದಿದೆ, ಅವರು ಕ್ಲೈಂಟ್ ತಂದ್ಕೊಟ್ಟು ಮಧ್ಯದಲ್ಲಿ ತಮ್ಮ ಪಾಲು ತಗೋತಾರೆ, ರೇಟ್ ಕಮ್ಮಿ, ಆದ್ರೆ ಹುಡುಕೋ ಗಂಟೆ ಉಳಿಯತ್ತೆ, ಗಂಟೆ ಲೆಕ್ಕ ಹಾಕಿ ನೋಡಿದ್ರೆ ಕೆಲವು ಸಲ ಅದೇ ಲಾಭ.

ಕಂಪನಿ ಸಿಕ್ಮೇಲೆ ವ್ಯಕ್ತಿನ ಹುಡುಕ್ಬೇಕು. ಇನ್‌ಫೋ ಅಂತ ಶುರುವಾಗೋ ಅಡ್ರೆಸ್‌ಗೆ ಕಳಿಸಿದ್ದು ಗಾಳಿಗೆ ಹೋದ ಹಾಗೆ. ಲಿಂಕ್ಡ್‌ಇನ್‌ನಲ್ಲಿ ಆ ಕಂಪನಿ ಹೆಸರಿನ ಜೊತೆ ಕಂಟೆಂಟ್ ಮ್ಯಾನೇಜರ್, ಮ್ಯಾನೇಜಿಂಗ್ ಎಡಿಟರ್, ಕಮ್ಯುನಿಕೇಶನ್ಸ್ ಅಂತ ಹುಡುಕಿದ್ರೆ ಹೆಸರು ಸಿಗತ್ತೆ. ಇನ್ನು ಪತ್ರ. ಮಾಮೂಲಾಗಿ ಹೋಗೋ ಪತ್ರ ಹೀಗಿರತ್ತೆ: "ನಮಸ್ಕಾರ, ನಾನು ಅನುಭವಿ ಫ್ರೀಲ್ಯಾನ್ಸ್ ಬರಹಗಾರ್ತಿ. ಆರೋಗ್ಯ, ಟೆಕ್, ಪ್ರವಾಸ, ಹಣಕಾಸು ಎಲ್ಲದರ ಬಗ್ಗೆ ಗುಣಮಟ್ಟದ ಲೇಖನ ಬರೆದುಕೊಡುತ್ತೇನೆ. ಅವಕಾಶವಿದ್ದರೆ ದಯವಿಟ್ಟು ತಿಳಿಸಿ." ಇದರಲ್ಲಿ ಓದೋರ ಬಗ್ಗೆ ಒಂದಕ್ಷರ ಇಲ್ಲ, ಇದನ್ನ ಯಾರಿಗೆ ಬೇಕಾದ್ರೂ ಕಳಿಸಬಹುದು, ಕಳಿಸಿರ್ತೀರಿ ಅಂತ ಅವರಿಗೂ ಗೊತ್ತಾಗತ್ತೆ. ಅದೇ ಬರಹಗಾರ್ತಿ ಒಂದು ಆಸ್ಪತ್ರೆ ಸಲಕರಣೆ ಕಂಪನಿಗೆ ಹೀಗೆ ಬರೆದ್ರೆ ನೋಡಿ: "ನಮಸ್ಕಾರ. ನಿಮ್ಮ ಸೈಟ್‌ನಲ್ಲಿ ಡಯಾಲಿಸಿಸ್ ಮಷಿನ್ ಬಗ್ಗೆ ಇರುವ ಲೇಖನಗಳನ್ನು ಓದಿದೆ. ಎಲ್ಲವೂ ಖರೀದಿ ವಿಭಾಗದವರಿಗೆ ಬರೆದಂತಿವೆ, ಮಷಿನ್ ನಡೆಸುವ ನರ್ಸ್‌ಗಳಿಗೆ ಅಂತ ಏನೂ ಕಾಣಲಿಲ್ಲ. ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ನರ್ಸ್ ಆಗಿದ್ದು ಈಗ ಬರವಣಿಗೆಗೆ ಬಂದಿದ್ದೇನೆ. ಇದೇ ವಿಷಯದ ಎರಡು ಲೇಖನಗಳ ಲಿಂಕ್ ಕೆಳಗಿದೆ. ನಿಮ್ಮಲ್ಲಿ ಹೊರಗಿನವರಿಂದ ಬರೆಸುವ ಪದ್ಧತಿ ಇದೆಯೇ? ಇದ್ದರೆ ಯಾರ ಜೊತೆ ಮಾತಾಡಬೇಕು?" ಸೈಟ್ ನೋಡಿದ್ದಾರೆ, ಒಂದು ಕೊರತೆ ಹಿಡಿದಿದ್ದಾರೆ, ಅದನ್ನ ತುಂಬೋ ಅರ್ಹತೆ ಇದೆ, ಕೊನೇ ಪ್ರಶ್ನೆಗೆ ಒಂದೇ ಸಾಲಲ್ಲಿ ಉತ್ತರ ಕೊಡಬಹುದು. ಕೆಲಸ ಕೊಡಿ ಅಂತ ಎಲ್ಲೂ ಕೇಳೇ ಇಲ್ಲ. ಹತ್ತು ದಿನ ಬಿಟ್ಟು ಎರಡು ಸಾಲಿನ ಫಾಲೋಅಪ್ ಒಂದು, ಅದಕ್ಕೂ ಮಾತಿಲ್ಲ ಅಂದ್ರೆ ಮುಂದಿನ ಹೆಸರಿಗೆ ಹೋಗಿ. ಉತ್ತರ ಬರ್ಲಿಲ್ಲ ಅಂದ್ರೆ ಬರಹ ಚೆನ್ನಾಗಿಲ್ಲ ಅಂತ ಅರ್ಥ ಅಲ್ಲ, ಅವರ ಇನ್‌ಬಾಕ್ಸೂ ನಿಮ್ಮದರ ಥರಾನೇ ತುಂಬಿರತ್ತೆ.

ಪತ್ರಿಕೆ ಎಡಿಟರ್‌ಗೆ ಆದ್ರೆ ಪರಿಚಯ ಪತ್ರ ಸಾಲದು, ಪಿಚ್ ಬೇಕು. ಅಂತರ್ಜಲ ಅನ್ನೋದು ವಿಷಯ ಮಾತ್ರ. ಮಳೆ ಚೆನ್ನಾಗಿ ಆದ ವರ್ಷಾನೂ ಬೋರ್‌ವೆಲ್ ಯಾಕೆ ಬತ್ತತ್ತೆ, ಅದಕ್ಕೆ ನಾನು ಮಾತಾಡಿಸೋ ಮೂರು ಜನ ಯಾರು, ಇದನ್ನ ಈಗ್ಲೇ ಯಾಕೆ ಓದ್ಬೇಕು ಅಂತ ಹೇಳಿದ್ರೆ ಅದು ಪಿಚ್.

ಇನ್ನೊಂದು ಮೂಲ ಇದೆ, ಎಲ್ರೂ ಮರೆಯೋದು: ಈಗಾಗ್ಲೇ ಗೊತ್ತಿರೋರು. ಹಳೇ ಆಫೀಸಿನವರು, ಒಂದ್ಸಲ ಕೆಲಸ ಕೊಟ್ಟು ಸುಮ್ಮನಾದ ಕ್ಲೈಂಟ್, ಬೇರೆ ಕಡೆ ಸೇರ್ಕೊಂಡ ಎಡಿಟರ್, ಮುಖ್ಯವಾಗಿ ಬೇರೆ ಬರಹಗಾರರು. ಕೈತುಂಬ ಕೆಲಸ ಇರೋ ಬರಹಗಾರರು ತಮಗೆ ಆಗದ ಕೆಲಸ ಯಾರಿಗಾದ್ರೂ ದಾಟಿಸ್ಲೇಬೇಕು, ಆಗ ನೆನಪಾಗೋ ಹೆಸರು ನಿಮ್ಮದಾಗಿದ್ರೆ ಆಯ್ತು. ವಾರದ ನಾಲ್ಕು ಪತ್ರದಲ್ಲಿ ಒಂದಾದ್ರೂ ಇವರಿಗೆ ಹೋಗ್ಲಿ.

ವಾರ ವಾರ ತಪ್ಪದೇ ಅಂತ ನಾನು ಯಾಕೆ ಇಷ್ಟು ಹಠ ಮಾಡ್ತಿದೀನಿ ಅಂದ್ರೆ ಇವತ್ತು ಕಳಿಸಿದ ಪತ್ರ ದುಡ್ಡಾಗೋಕೆ ತಿಂಗಳುಗಟ್ಟಲೆ ಹಿಡಿಯತ್ತೆ. ಜನವರಿಲಿ ಪಿಚ್ ಕಳಿಸಿದ್ರೆ ಫೆಬ್ರವರಿಲಿ ಓಕೆ ಅಂತಾರೆ, ಮಾರ್ಚಲ್ಲಿ ಬರೆದು ಕೊಡ್ತೀರಿ, ಏಪ್ರಿಲಲ್ಲಿ ತಿದ್ದುಪಡಿ, ಮಾಸಪತ್ರಿಕೆ ಆದ್ರೆ ಜೂನ್ ಸಂಚಿಕೇಲಿ ಬರತ್ತೆ, ಪ್ರಕಟಣೆ ಆದ್ಮೇಲೆ ಪೇಮೆಂಟ್ ಅಂತ ಅಗ್ರಿಮೆಂಟಲ್ಲಿ ಇದ್ರೆ ಇನ್‌ವಾಯ್ಸ್ ಹಾಕಿ 30 ದಿನ, ಜುಲೈ ಆಯ್ತು. ಕೆಲಸ ಜಾಸ್ತಿ ಇದ್ದಾಗ ಪತ್ರ ಬರೆಯೋದು ನಿಲ್ಸೋರು, ಕೆಲಸ ಮುಗಿದ ದಿನ ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಒಂದೇ ವಾರ ಐವತ್ತು ಮೇಲ್ ಕಳಿಸ್ತಾರೆ, ಅದರ ಫಲ ಬರೋಷ್ಟರಲ್ಲಿ ಕೈಲಿದ್ದ ದುಡ್ಡು ಖಾಲಿ. ಅವಸರಕ್ಕೆ ಸಿಕ್ಕ ಅಗ್ಗದ ಕೆಲಸ ಒಪ್ಕೋತಾರೆ, ಅದು ಗಂಟೆಗಳನ್ನ ತಿಂದ್ಹಾಕತ್ತೆ, ಮತ್ತೆ ಪತ್ರ ಬರೆಯೋಕೆ ಟೈಮ್ ಇಲ್ಲ. ಡೆಡ್‌ಲೈನ್ ತಲೆ ಮೇಲಿರೋ ವಾರಾನೂ ಎರಡಾದ್ರೂ ಹೋಗ್ಲಿ, ನಿಲ್ಲಿಸ್ಬೇಡಿ.

ಇದರಿಂದ ಇನ್ನೊಂದು ಗೊತ್ತಾಗತ್ತೆ, ವರ್ಷದ ಆದಾಯನ ಬಿಲ್ ಹಾಕಿದ್ದು ಎಷ್ಟು ಅಂತಲ್ಲ, ಅಕೌಂಟಿಗೆ ಬಂದಿದ್ದು ಎಷ್ಟು ಅಂತ ಲೆಕ್ಕ ಹಾಕ್ಬೇಕು. ಹಾಗಾಗಿ ಅಗ್ರಿಮೆಂಟ್ ಓದೋದೂ ಗುರಿಯ ಭಾಗವೇ. ಲೇಖನ ಒಪ್ಪಿದಾಗ ಪೇಮೆಂಟಾ, ಪ್ರಕಟವಾದಾಗಾ ಅನ್ನೋದು ಮೊದ್ಲು ನೋಡಿ, ಮಧ್ಯ ಆರು ತಿಂಗಳ ಅಂತರ ಇರಬಹುದು. ಎಷ್ಟು ಸಲ ತಿದ್ದಿ ಕೊಡ್ಬೇಕು ಅಂತ ಬರೆಸ್ಕೊಳ್ಳಿ, ಇಲ್ಲಾಂದ್ರೆ ಅದಕ್ಕೆ ಕೊನೇನೇ ಇರಲ್ಲ. ಬರೆಸ್ಕೊಂಡು ಆಮೇಲೆ ಬೇಡ ಅಂದ್ರೆ ಕೊಡೋ ದುಡ್ಡಿಗೆ ಕಿಲ್ ಫೀ ಅಂತಾರೆ, ಒಪ್ಪಿದ ಮೊತ್ತದ ಕಾಲು ಭಾಗ ಅಂತ ಇರೋದು ಮಾಮೂಲು, ಅದು ಇದೆಯಾ ನೋಡಿ. ಹಕ್ಕೆಲ್ಲ ಅವರಿಗೇ ಅಂತ ಇದ್ರೆ ಅದೇ ಲೇಖನನ ಇನ್ನೊಂದು ಕಡೆ ಕೊಡೋ ಹಾಗಿಲ್ಲ, ಅದಕ್ಕೆ ತಕ್ಕ ಬೆಲೆ ಕೇಳಿ. ಸ್ಯಾಂಪಲ್‌ಗೆ ಅಂತ ಪೂರ್ತಿ ಲೇಖನ ಬಿಟ್ಟಿ ಬರೆಸೋರು, ಕೆಲಸ ಕೊಡೋಕೆ ಮುಂಚೆ ರಿಜಿಸ್ಟ್ರೇಷನ್ ಫೀ ಕೇಳೋರು, ಇವರ ಜೊತೆ ಚರ್ಚೆನೂ ಬೇಡ.

ಇದೆಲ್ಲಕ್ಕೂ ಒಂದು ಸ್ಪ್ರೆಡ್‌ಶೀಟ್ ಸಾಕು, ಪತ್ರ ಹೋದ ದಿನ, ಯಾರಿಗೆ, ಫಾಲೋಅಪ್, ಉತ್ತರ, ಕೆಲಸ, ಹಿಡಿದ ಗಂಟೆ, ದುಡ್ಡು ಬಂದ ದಿನ. ಮೂರು ತಿಂಗಳಿಗೊಮ್ಮೆ ಅದನ್ನ ತೆಗೆದು ಕೂತ್ಕೊಳ್ಳಿ. ಪತ್ರ ಹೋಗ್ತಿದೆ ಉತ್ತರ ಬರ್ತಿಲ್ಲ ಅಂದ್ರೆ ಪತ್ರ ಅಥವಾ ವಿಳಾಸದಲ್ಲಿ ದೋಷ ಇದೆ, ಉತ್ತರ ಬರ್ತಿದೆ ಕೆಲಸ ಆಗ್ತಿಲ್ಲ ಅಂದ್ರೆ ಸ್ಯಾಂಪಲ್‌ನಲ್ಲೋ ರೇಟ್‌ನಲ್ಲೋ ಇದೆ, ಕೆಲಸ ಬೇಕಾದಷ್ಟಿದೆ ದುಡ್ಡು ಕಾಣ್ತಿಲ್ಲ ಅಂದ್ರೆ ಗಂಟೆ ಬೆಲೆ ನೋಡಿ. 20ಕ್ಕೆ ಒಂದು ಅಂತ ನಾವು ಇಟ್ಟಿದ್ದ ಜಾಗದಲ್ಲಿ ಈಗ ನಿಮ್ಮ ನಿಜವಾದ ಅಂಕಿ ಹಾಕಿ ವಾರದ ಸಂಖ್ಯೆನ ತಿದ್ಕೊಳ್ಳಿ. ಯಾವ ಕ್ಲೈಂಟಾದ್ರೂ ಒಟ್ಟು ಆದಾಯದಲ್ಲಿ ಮೂರನೇ ಒಂದು ಭಾಗ ದಾಟಿದ್ರೆ ಆ ಮೂರು ತಿಂಗಳು ಬೇರೆ ಇಂಡಸ್ಟ್ರಿಗೆ ಪತ್ರ ಜಾಸ್ತಿ ಹಾಕಿ, ಅವರು ಎಷ್ಟೇ ಒಳ್ಳೆಯವರಾಗಿರ್ಲಿ. ರೇಟ್ ಏರಿಸೋದನ್ನ ಹೊಸಬರಿಂದ ಶುರು ಮಾಡಿ, ಅವರಿಗೆ ಹಳೇ ರೇಟ್ ಗೊತ್ತಿರಲ್ಲ. ಹೊಸ ರೇಟ್‌ಗೆ ಇಬ್ಬರು ಮೂವರು ಕೂಡ್ಕೊಂಡ ಮೇಲೆ ಗಂಟೆ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗಿರೋ ಹಳೇ ಕ್ಲೈಂಟ್‌ಗೆ ಎರಡು ತಿಂಗಳು ಮುಂಚೆ ಹೇಳಿ, ಮುಂದಿನ ತಿಂಗಳಾಚೆ ಇಷ್ಟು ಅಂತ. ಒಪ್ಪಿದ್ರೆ ಆಯ್ತು, ಬಿಟ್ಟು ಹೋದ್ರೆ ಅವರು ಖಾಲಿ ಮಾಡಿದ ಗಂಟೆಗೆ ಕೂರಿಸೋಕೆ ಶೀಟಲ್ಲಿ ಹೆಸರುಗಳು ಇರ್ತವೆ.